ಗಡಿಯಾರದ ಹೊಟ್ಟೆ ಮುಚ್ಚಿದವರು

ನಮ್ಮ ಮಾವ, ಅಂದ್ರೆ ಅಮ್ಮನ ಅಣ್ಣ, ತುಮಕೂರಿನಲ್ಲಿ ಮೂವತ್ತೆಂಟು ವರ್ಷ ವಾಚ್ ರಿಪೇರಿ ಅಂಗಡಿ ನಡೆಸಿದವರು. ಯಾರಾದರೂ ಹೊಸ ವಾಚು ಕಟ್ಟಿಕೊಂಡು ಹೋಗಿ "ಹೇಗಿದೆ?" ಅಂತ ಕೈ ಚಾಚಿದರೆ ಅವರದು ಒಂದೇ ಉತ್ತರ: "ಮುಖ ನೋಡಿ ನಾನೇನು ಹೇಳ್ಲಿ? ಹೊಟ್ಟೆ ತೋರಿಸು." ಹೊಟ್ಟೆ ಅಂದ್ರೆ ಒಳಗಿನ ಮಷೀನು. ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಎರಡು ನಿಮಿಷ ಮಾತಿಲ್ಲದೆ ನೋಡಿ, ಆಮೇಲೆ ಒಂದು ಮಾತು. ಅದೇ ಅಂತಿಮ ತೀರ್ಪು. ಕೈ ನಡುಕ ಶುರುವಾದ ಮೇಲೆ ಅಂಗಡಿ ಮುಚ್ಚಿದ್ದಾರೆ. ತೀರ್ಪು ಕೊಡೋದು ಮಾತ್ರ ನಿಲ್ಲಿಸಿಲ್ಲ.

ಹೋದ ವರ್ಷ ಎಂಟು ತಿಂಗಳು ನನ್ನನ್ನು ಆಫೀಸಿನವರು ಲಂಡನ್ನಿಗೆ ಆನ್‌ಸೈಟ್ ಕಳಿಸಿದ್ದರು. ಮಾವನಿಗೆ ಎಪ್ಪತ್ತು ತುಂಬುವ ವರ್ಷ. ಸ್ವೆಟರ್ ಒಯ್ದರೆ ಬೀರುವಿಗೆ ಹೋಗುತ್ತೆ, ಚಾಕಲೇಟ್ ಒಯ್ದರೆ ಶುಗರ್. ಹಳೇ ಗಡಿಯಾರವೊಂದನ್ನು ಒಯ್ಯಬೇಕು, ಅದೂ ಅವರು ಹೊಟ್ಟೆ ನೋಡಿ "ಹ್ಞೂಂ" ಅನ್ನುವಂಥದ್ದು ಅಂತ ನನ್ನ ಆಸೆ. ಹಾಗಾಗಿ ಒಂದು ಶನಿವಾರ ನಾಟಿಂಗ್ ಹಿಲ್ ಗೇಟ್ ಸ್ಟೇಷನ್ನಿನಲ್ಲಿ ಇಳಿದು ಜನ ಹೋಗುವ ಕಡೆಗೇ ನಡೆದೆ. ಪೋರ್ಟೊಬೆಲ್ಲೊ ರೋಡಿನ ಹಳೇ ಸಾಮಾನಿನ ಸಂತೆ ಸೇರುವುದು ಅಲ್ಲೇ. ಬೀದಿಯಲ್ಲಿರುವುದು ಟೂರಿಸ್ಟುಗಳಿಗೆ. ಪಕ್ಕದ ಕಟ್ಟಡಗಳ ಒಳಗೆ ಸಾಲಾಗಿ ಗೂಡಂಗಡಿಗಳಿವೆ, ನಿಜವಾದ ಸಾಮಾನು ಇರುವುದು ಅಲ್ಲಿ. ಅಂಥ ಒಂದು ಗೂಡಿನ ಗಾಜಿನ ಕಪಾಟಿನಲ್ಲಿ ಮೂರು ಪುಟ್ಟ ಗಡಿಯಾರ ಕಂಡವು. ನನ್ನ ಫೋನಿಗಿಂತ ಗಿಡ್ಡ. ಚಿನ್ನದ ಲೇಪದ ಹಿತ್ತಾಳೆ ಚೌಕಟ್ಟು, ತಲೆಯ ಮೇಲೆ ಮಡಚುವ ಹಿಡಿ, ಸುತ್ತಲೂ ಗಾಜು ಇರಬೇಕಾದ ಕಡೆ ಚಿತ್ರಗಳು. ಕಡುನೀಲಿ ಹಿನ್ನೆಲೆಯಲ್ಲಿ ಮನುಷ್ಯರು, ಮರಗಳು, ಹೂವು. ಒದ್ದೆ ಕಲ್ಲಿಗೆ ಇರುತ್ತಲ್ಲ, ಅಂಥ ಹೊಳಪು.

ಫೋಟೋ ತೆಗೆದು ಮಾವನಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು.

"ಚೆನ್ನಾಗಿದೆ ಕಣೆ ಕುಂಕುಮದ ಡಬ್ಬಿ. ಗಡಿಯಾರ ಎಲ್ಲಿ?"

ಮಾವನ ಆಕ್ಷೇಪ ಬರೀ ತಮಾಷೆಯಲ್ಲ. ಈ ಜಾತಿಯ ಗಡಿಯಾರ ಬಲ್ಲವರಲ್ಲಿ ಬಹಳ ಜನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅದು ಅರ್ಥ ಆಗಬೇಕಾದರೆ ಕ್ಯಾರಿಜ್ ಕ್ಲಾಕ್ ಅಂದರೇನು ಅಂತ ಸ್ವಲ್ಪ ನೋಡಬೇಕು. ಹೆಸರೇ ಹೇಳುವಂತೆ ಇದು ಗಾಡಿಯಲ್ಲಿ ಒಯ್ಯುವ ಗಡಿಯಾರ. ಲೋಲಕದ ಗಡಿಯಾರವನ್ನು ಕುದುರೆಗಾಡಿಗೆ ಹಾಕಿದರೆ ಮೊದಲ ಹಳ್ಳಕ್ಕೇ ನಿಂತುಹೋಗುತ್ತೆ. ಇದರಲ್ಲಿ ಲೋಲಕ ಇಲ್ಲ. ಕೈಗಡಿಯಾರದ ಹಾಗೆ ಬ್ಯಾಲೆನ್ಸ್ ವೀಲು, ಹೇರ್‌ಸ್ಪ್ರಿಂಗು, ಒಮ್ಮೆ ಕೀ ಕೊಟ್ಟರೆ ಸಾಮಾನ್ಯವಾಗಿ ಎಂಟು ದಿನ ಓಡುವ ಸ್ಪ್ರಿಂಗು. ಇದನ್ನು ಹೀಗೆ ರೂಪಿಸಿದ ಕೀರ್ತಿ ಪ್ಯಾರಿಸ್‌ನ ಅಬ್ರಹಾಂ-ಲೂಯಿ ಬ್ರೆಗೆಗೆ ಸಲ್ಲುತ್ತದೆ. 1798ರ ಏಪ್ರಿಲ್‌ನಲ್ಲಿ, ಈಜಿಪ್ಟಿಗೆ ದಂಡೆತ್ತಿ ಹೋಗುವ ಸ್ವಲ್ಪ ಮುಂಚೆ, ನೆಪೋಲಿಯನ್ ಬ್ರೆಗೆಯ ಹತ್ತಿರ ಕೊಂಡ ಮೂರು ವಸ್ತುಗಳಲ್ಲಿ ಒಂದು ಇಂಥ ಪ್ರಯಾಣದ ಗಡಿಯಾರ. ಬ್ರೆಗೆಯದು ಸೇನಾಪತಿಗಳಿಗೆ, ರಾಜರಿಗೆ. 1830ರ ದಶಕದಲ್ಲಿ ಪಾಲ್ ಗಾರ್ನಿಯೆ ಅದನ್ನು ಸರಳ ಮಾಡಿ ಬೆಲೆ ಇಳಿಸಿದ. ಅಲ್ಲಿಂದ ಮೊದಲ ಮಹಾಯುದ್ಧದವರೆಗೆ ಫ್ರಾನ್ಸ್ ಇವನ್ನು ಮಾಡಿ ಮಾಡಿ ಹಾಕಿತು. ಅತಿ ದೊಡ್ಡ ಗಿರಾಕಿ ಇಂಗ್ಲೆಂಡ್. ತಮಾಷೆ ಏನಂದ್ರೆ, ಇವುಗಳಲ್ಲಿ ಬಹುಪಾಲು ತಯಾರಾಗುವ ಹೊತ್ತಿಗೆ ಜನ ಕುದುರೆಗಾಡಿ ಇಳಿದು ರೈಲು ಹತ್ತಿದ್ದರು. ಗಾಡಿಯ ಗಡಿಯಾರ ಹಾಲಿನ ಅಗ್ಗಿಷ್ಟಿಕೆ ಮೇಲೆ ಕೂತಿತ್ತು.

ಅದರ ಅಂದ ಇರುವುದು ಗಾಜಿನಲ್ಲಿ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಮೇಲೆ, ಹೀಗೆ ಐದು ಕಡೆ ಅಂಚು ಇಳಿಜಾರು ಮಾಡಿದ ದಪ್ಪ ಗಾಜು. ಹಲ್ಲಿನ ಚಕ್ರಗಳು, ಸ್ಪ್ರಿಂಗಿನ ಡಬ್ಬಿ, ಗಂಟೆ ಹೊಡೆಯುವ ಪುಟ್ಟ ಸುತ್ತಿಗೆ, ಎಲ್ಲ ಹೊರಗೇ ಕಾಣುತ್ತೆ. ನೆತ್ತಿಯ ಗಾಜಿನಲ್ಲಿ ಬಗ್ಗಿ ನೋಡಿದರೆ ಬ್ಯಾಲೆನ್ಸ್ ವೀಲು ಮಲಗಿಕೊಂಡು ಅತ್ತಿತ್ತ ಆಡುತ್ತಾ ಇರುತ್ತೆ. ಏನನ್ನೂ ಮುಚ್ಚಿಡದ ಗಡಿಯಾರ. ಮಾವನಂಥವರಿಗೆ ಅಂತಲೇ ಮಾಡಿದ್ದು.

ಅಂಥದ್ದಕ್ಕೆ ಚಿತ್ರದ ತಗಡು ಹೊದಿಸಿ ಮುಚ್ಚಿಬಿಟ್ಟರೆ? ಬಲ್ಲವರು ಇದನ್ನು ಮೇಕಪ್ಪು ಅಂತಾರೆ. ಮಷೀನಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲದಿದ್ದಾಗ ಮುಖಕ್ಕೆ ಬಳಿಯೋದು ಅಂತ ವಾದ. ಅದರಲ್ಲೂ ಈ ಪುಟ್ಟವು. ಫ್ರೆಂಚರು ಇವನ್ನು ಮಿನ್ಯೊನೆಟ್ ಅನ್ನುತ್ತಾರೆ. ಹಿಡಿ ಮಡಚಿದರೆ 10 ಸೆಂಟಿಮೀಟರ್ ಆಸುಪಾಸು. ಇವುಗಳಲ್ಲಿ ಹೆಚ್ಚಿನವು ಗಂಟೆಯನ್ನೂ ಹೊಡೆಯಲ್ಲ, ಬರೀ ಟೈಮ್ ತೋರಿಸುತ್ತವೆ. ಮಷೀನಿನ ದೃಷ್ಟಿಯಿಂದ ನೋಡಿದರೆ ಸಾಮಾನ್ಯರಲ್ಲಿ ಸಾಮಾನ್ಯ. ಆದರೆ ಬೆಲೆ? ಅದೇ ಮಷೀನು, ಬರೀ ಗಾಜಿನದ್ದಕ್ಕಿಂತ ಚಿತ್ರ ಹೊದ್ದದ್ದಕ್ಕೆ ಎಷ್ಟೋ ಪಟ್ಟು ಹೆಚ್ಚು. ಮಾವನ ಹೊಟ್ಟೆಗೆ ಬೆಂಕಿ ಬೀಳೋದು ಇಲ್ಲೇ.

ಆ ದಿನ ನಾನೂ ಮಾವನ ಪಾರ್ಟಿನೇ. ರೂಮಿಗೆ ಬಂದ ಮೇಲೆ ಮಾತ್ರ ಆ 'ಮೇಕಪ್ಪು' ಅನ್ನೋ ಮಾತು ಚುಚ್ಚುತ್ತಾ ಇತ್ತು. ಯಾಕಂದ್ರೆ ನನ್ನ ಕೆಲಸವೂ ಮುಖದ್ದೇ. ಬ್ಯಾಂಕುಗಳ ಆ್ಯಪ್‌ಗೆ ಸ್ಕ್ರೀನ್ ಡಿಸೈನ್ ಮಾಡುವವಳು ನಾನು. ನಮ್ಮ ಟೀಮಿನ ಬ್ಯಾಕೆಂಡ್ ಹುಡುಗರು ಮೀಟಿಂಗಿನಲ್ಲಿ ನಮ್ಮನ್ನು 'ಬಣ್ಣ ಹಚ್ಚೋರು' ಅಂತಲೇ ಕರೆಯೋದು. ನಗ್ತಾ ಹೇಳ್ತಾರೆ, ನಾವೂ ನಗ್ತೀವಿ. ಮುಂದಿನ ಶನಿವಾರ ಮತ್ತೆ ಹೋದೆ. ಅದರ ಮುಂದಿನದಕ್ಕೂ. ಅಂಗಡಿಯ ಹೆಂಗಸು ಮೂರನೇ ಸಲಕ್ಕೆ ಸ್ಟೂಲು ಕೊಟ್ಟು, ಮೂರನ್ನೂ ಕಪ್ಪು ಬಟ್ಟೆಯ ಮೇಲೆ ಇಟ್ಟು, ಭೂತಗನ್ನಡಿ ಕೈಗಿತ್ತು, ತನ್ನ ಸ್ಯಾಂಡ್‌ವಿಚ್ ತಿನ್ನಲಿಕ್ಕೆ ಕೂತಳು.

ಮೊದಲು ಹೊಟ್ಟೆಯ ವಿಷಯ ಮುಗಿಸಿಬಿಡೋಣ. ಆ ಮಷೀನು ಒಬ್ಬ ಮಹಾ ಕುಶಲಿಯ ಒಂದೇ ಕೈಯ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ನಾರ್ಮಂಡಿಯಲ್ಲಿ, ದಿಯೆಪ್ ಬಂದರಿನ ಹತ್ತಿರ, ಸೇಂಟ್-ನಿಕೊಲಾ-ದಾಲಿಯೆರ್ಮೊಂ ಅಂತ ಒಂದು ಊರು. ಅದು ಬದುಕಿದ್ದೇ ಗಡಿಯಾರದ ಮೇಲೆ. ಈಗಲೂ ಅಲ್ಲಿ ಗಡಿಯಾರದ ಮ್ಯೂಸಿಯಂ ಇದೆ. ಅಲ್ಲಿ, ಮತ್ತೆ ಪೂರ್ವ ಗಡಿಯ ಫ್ರಾಂಶ್-ಕೊಂತೆ ಸೀಮೆಯಲ್ಲಿ, ಇವುಗಳ ಅರೆಬರೆ ಮಷೀನು ರಾಶಿಗಟ್ಟಲೆ ತಯಾರಾಗುತ್ತಿತ್ತು. ತಟ್ಟೆ, ಚಕ್ರ, ಸ್ಪ್ರಿಂಗ್ ಡಬ್ಬಿ ಜೋಡಿಸಿದ, ಇನ್ನೂ ಜೀವ ಬರದ ಮಷೀನು. ಅದು ಪ್ಯಾರಿಸ್‌ಗೆ ಬಂದು, ಅಲ್ಲಿ ಬ್ಯಾಲೆನ್ಸ್ ಕೂರಿಸಿ, ತಿದ್ದಿ ತೀಡಿ, ಪೆಟ್ಟಿಗೆಗೆ ಹಾಕಿ, ಡಯಲಿನ ಮೇಲೆ ಲಂಡನ್ನಿನ ಯಾವುದೋ ಅಂಗಡಿಯ ಹೆಸರು ಬರೆದರೆ ಆಯ್ತು. ಮಾಡಿದವನ ಗುರುತು ಹಿಂದಿನ ತಟ್ಟೆಯ ಮೇಲೆ ಸಾಸಿವೆಯಷ್ಟು ಮುದ್ರೆ. ಹಾನ್ರಿ ಜಾಕೊದ್ದಾದರೆ ಗಿಳಿ, ಮಾರ್ಗೆನ್‌ದಾದರೆ ಜೇನುಗೂಡು. ಅದೂ ಎಲ್ಲದರ ಮೇಲೂ ಇರಲ್ಲ. ಇನ್ನೊಂದು ಸಂಗತಿ: ನೂರಿಪ್ಪತ್ತು ವರ್ಷದಲ್ಲಿ ಎಷ್ಟೋ ಗಡಿಯಾರಗಳ ಬ್ಯಾಲೆನ್ಸ್ ಇರುವ ಮೇಲ್ಭಾಗವನ್ನೇ ರಿಪೇರಿಯವರು ಪೂರ್ತಿ ಬದಲಾಯಿಸಿದ್ದಾರೆ. ಅಂದ್ರೆ, ಹೊಟ್ಟೆಯೇ ಅಸಲು ಅಂತ ನಾವು ನಂಬಿದ್ದರೂ ಅಸಲು ಉಳಿದಿರುವುದು ಎಷ್ಟೋ ಸಲ ಮುಖವೇ.

ಇದನ್ನು ಮಾವನಿಗೆ ಹೇಳಿದೆ. "ಮಾಡಿದವನು ಯಾರಾದರೆ ಏನು, ಹೇಗೆ ಮಾಡಿದ್ದಾನೆ ಅನ್ನೋದು ಮುಖ್ಯ" ಅಂದರು. ಸರಿ, ಹಾಗಾದ್ರೆ ಚಿತ್ರಕ್ಕೂ ಅದೇ ನಿಯಮ ಇಡೋಣ ಅಂದೆ.

ಚಿತ್ರ ಅಂದ್ರೆ ಇಲ್ಲಿ ಪೇಂಟು ಅಲ್ಲ. ಎನಾಮಲ್. ನಮ್ಮಜ್ಜಿ ಮನೆಯಲ್ಲಿ ನೀಲಿ ಅಂಚಿನ ಬಿಳಿ ಮಗ್ಗು ಇತ್ತು. ಬಿದ್ದು ಬಿದ್ದು ಅಲ್ಲಲ್ಲಿ ಚಕ್ಕೆ ಎದ್ದು ಒಳಗಿನ ಕಬ್ಬಿಣ ಕಪ್ಪಗೆ ಕಾಣೋದು. ಅಜ್ಜಿ ಅದನ್ನು ಪಿಂಗಾಣಿ ಅನ್ನೋರು. ಪಿಂಗಾಣಿ ಅಲ್ಲ, ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಮದುವೆಮನೆಯ ಮೀನಾಕಾರಿ ಒಡವೆಯೂ ಇದೇ ವಂಶ. ಅಜ್ಜಿಯದೇ ತಪ್ಪನ್ನು ಈ ಗಡಿಯಾರ ಕೊಳ್ಳುವವರೂ ಮಾಡುತ್ತಾರೆ, ಮಾಡುವಂತೆ ಮಾರುವವರೂ ಮಾತಾಡುತ್ತಾರೆ. ಫ್ರಾನ್ಸಿನ ಲಿಮೋಜ್ ಊರು ಎರಡಕ್ಕೂ ಹೆಸರುವಾಸಿ. 15ನೇ ಶತಮಾನದ ಕೊನೆಯಿಂದ ತಾಮ್ರದ ಮೇಲಿನ ಎನಾಮಲ್ ಚಿತ್ರಕ್ಕೆ, 18ನೇ ಶತಮಾನದಲ್ಲಿ ಹತ್ತಿರದಲ್ಲೇ ಬಿಳಿ ಜೇಡಿ ಸಿಕ್ಕಮೇಲೆ ಪಿಂಗಾಣಿಗೆ. ಹಾಗಾಗಿ 'ಲಿಮೋಜ್' ಅಂದುಬಿಟ್ಟರೆ ಯಾವುದು ಅಂತ ಗೊತ್ತಾಗಲ್ಲ, ಎಲ್ಲಿ ಮಾಡಿದ್ದು ಅಂತಲೂ ಗ್ಯಾರಂಟಿ ಇಲ್ಲ. ನಮ್ಮಲ್ಲಿ ಎಲ್ಲಿ ನೇಯ್ದರೂ ಕಾಂಚೀಪುರಂ ಅನ್ನೋ ಹಾಗೆ. ನೋಡಬೇಕಾದ್ದು ಅಂಚು. ಚಕ್ಕೆ ಎದ್ದ ಕಡೆ ತಾಮ್ರ ಕಂಡರೆ ಎನಾಮಲ್, ಒಡೆದ ಕಡೆಯೂ ಬಿಳಿಯೇ ಇದ್ದರೆ ಪಿಂಗಾಣಿ. ಎನಾಮಲ್ ತಗಡು ಸಾಮಾನ್ಯವಾಗಿ ಒಂಚೂರು ಉಬ್ಬಿರುತ್ತೆ, ಬೆಳಕು ಅದರ ಮೇಲೆ ಜಾರುತ್ತೆ.

ಮಾಡುವ ವಿಧಾನ ಕೇಳಿ. ತೆಳುವಾದ ತಾಮ್ರದ ತಗಡು. ಬಣ್ಣದ ಗಾಜನ್ನು ಒರಳಿನಲ್ಲಿ ಅರೆದು, ನೀರಿನಲ್ಲಿ ಮತ್ತೆ ಮತ್ತೆ ತೊಳೆದ ಪುಡಿ. ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರ ಸೇರಿದರೆ ಹಸಿರು, ತವರ ಸೇರಿದರೆ ಬಿಳಿ, ಗುಲಾಬಿಗೆ ಚಿನ್ನ. ಹೌದು, ಚಿನ್ನವೇ. ಒದ್ದೆ ಪುಡಿಯನ್ನು ತಗಡಿನ ಮೇಲೆ ಹರಡಿ, ಒಣಗಿಸಿ, 800 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಒಂದೆರಡು ನಿಮಿಷ ಇಟ್ಟು ತೆಗೀಬೇಕು. ಕರಗಿ ಗಾಜಾಗುತ್ತೆ. ಆರಿದ ಮೇಲೆ ಅದರ ಮೇಲೆ ಇನ್ನೊಂದು ಬಣ್ಣ, ಮತ್ತೆ ಕುಲುಮೆ. ಹೆಚ್ಚು ಕಾವು ಬೇಕಾದ ಬಣ್ಣ ಮೊದಲು, ಬೇಗ ಕರಗುವುದು ಕೊನೆಗೆ. ಕ್ರಮ ತಪ್ಪಿದರೆ ಮೊದಲು ಬರೆದದ್ದು ಹರಿದುಹೋಗುತ್ತೆ. ಹಚ್ಚುವಾಗಿನ ಬಣ್ಣ ಒಂದು, ಸುಟ್ಟ ಮೇಲಿನ ಬಣ್ಣ ಇನ್ನೊಂದು, ಬರೆಯುವವನು ತಲೆಯೊಳಗೇ ಎರಡನ್ನೂ ಇಟ್ಟುಕೊಂಡು ಬರೀಬೇಕು. ಮೈಬಣ್ಣ ಬರೆಯುವ ರೀತಿಯಂತೂ ನನಗೆ ಬಹಳ ಹಿಡಿಸಿತು. ಕಪ್ಪು ಅಥವಾ ಕಡುನೀಲಿ ನೆಲದ ಮೇಲೆ ತೆಳುವಾಗಿ ಬಿಳಿ ಹಚ್ಚಿದರೆ ಬೂದು ಕಾಣುತ್ತೆ. ಅದೇ ಜಾಗಕ್ಕೆ ಮತ್ತೊಂದು ಪದರ, ಮತ್ತೊಂದು ಸುಡುವಿಕೆ, ಸ್ವಲ್ಪ ಬೆಳ್ಳಗೆ. ಹೀಗೆ ಕತ್ತಲೆಯಿಂದ ಒಂದೊಂದೇ ಪದರ ಕೆನ್ನೆ ಎದ್ದು ಬರುತ್ತೆ. ಹತ್ತು ಸಲ ಸುಟ್ಟದ್ದು ಹನ್ನೊಂದನೇ ಸಲ ಬಿರುಕು ಬಿಟ್ಟರೆ ಮುಗೀತು. ಅನ್‌ಡೂ ಇಲ್ಲ. ಇದೆಲ್ಲ ಎಷ್ಟು ಜಾಗದಲ್ಲಿ? ನಾನು ನೋಡಿದ ಗಡಿಯಾರದ ಪಕ್ಕದ ಚಿತ್ರ ಸುಮಾರು 6 ಸೆಂ.ಮೀ. ಎತ್ತರ, 4 ಸೆಂ.ಮೀ. ಅಗಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು.

ಇಷ್ಟು ಕಷ್ಟಪಟ್ಟು ಬರೆದಿದ್ದಾರೆ ಅಂದ ಮಾತ್ರಕ್ಕೆ ಚಿತ್ರ ಚೆನ್ನಾಗಿದೆ ಅಂತಲ್ಲ. ಮೂರರಲ್ಲಿ ಮೊದಲನೆಯದನ್ನು ಅಂಗಡಿಯವಳು ತನ್ನ ಅಂಗಡಿಯ ರಾಣಿ ಅಂದಳು. ನನಗೆ ಹತ್ತು ನಿಮಿಷಕ್ಕೆ ಸಾಕಾಯ್ತು. ಎಡಗಡೆ ಕುರಿ ಕಾಯುವ ಹುಡುಗ, ರೇಷ್ಮೆ ಚಡ್ಡಿ, ಕೈಯಲ್ಲಿ ಕೊಳಲು. ಬಲಗಡೆ ಕುರಿ ಕಾಯುವ ಹುಡುಗಿ, ಮಡಿಕೆ ಮಡಿಕೆ ಲಂಗ, ಹೂಬುಟ್ಟಿ. ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ, ನಡುವೆ ಮಾತ್ರ ಇಡೀ ಮಷೀನು. ಮುಂದೆ ಡಯಲಿನ ಕೆಳಗೆ ಕಾರಂಜಿ, ಮರ, ಮೋಡ, ಮೂರು ಕುರಿ. ಇದು ಬೂಶೆ, ವಾತೋ ಮುಂತಾದವರ ಕಾಲದ ಸರಕು. ಗೋಡೆಯಷ್ಟು ದೊಡ್ಡ ಚಿತ್ರದಲ್ಲಿ ಉಸಿರಾಡುತ್ತಿದ್ದುದನ್ನು ತಂದು ಬೆಂಕಿಪೊಟ್ಟಣಕ್ಕೆ ತುರುಕಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಕುರಿಯ ಕಣ್ಣೂ ಕಾಣುತ್ತೆ, ಭಲೆ ಅನ್ನಿಸುತ್ತೆ. ಕನ್ನಡಿ ಕೆಳಗಿಟ್ಟು ಒಂದು ಮೊಳ ದೂರದಿಂದ ನೋಡಿದರೆ ಹಸಿರು ಪಾಯಸ. ಗಡಿಯಾರವನ್ನು ಯಾರಾದರೂ ಭೂತಗನ್ನಡಿ ಹಿಡಿದು ನೋಡ್ತಾರಾ? ಬರೆದವನ ಕೈ ಗಟ್ಟಿ, ಕಣ್ಣು ಮಾತ್ರ ಬೇರೆಯವರದು.

ಆ ಕುರಿ ಕಾಯುವವರ ಹಿಂದೆ ಇನ್ನೊಂದು ಕತೆ ಇದೆ. ರೇಷ್ಮೆ ತೊಟ್ಟು ಹಳ್ಳಿಯವರಾಗುವ ಆಟ 18ನೇ ಶತಮಾನದ ಫ್ರೆಂಚ್ ದೊರೆಗಳದ್ದು. ಮರಿ ಆಂಟನೆಟ್ ರಾಣಿ ವರ್ಸೈನಲ್ಲಿ ತನಗಾಗಿ ಒಂದು ಪುಟ್ಟ ಹಳ್ಳಿಯನ್ನೇ ಕಟ್ಟಿಸಿದ್ದಳು. 1789ರಲ್ಲಿ ಕ್ರಾಂತಿಯಾಯ್ತು, ಮುಂದೆ ರಾಣಿಯ ತಲೆಯೂ ಹೋಯ್ತು. ಅದಾಗಿ ತೊಂಬತ್ತು ನೂರು ವರ್ಷಕ್ಕೆ, ಮಿಲ್ಲು ಬ್ಯಾಂಕುಗಳಲ್ಲಿ ದುಡ್ಡು ಮಾಡಿದವರು ಅದೇ ಹಳ್ಳಿಯನ್ನು ಎನಾಮಲ್‌ನಲ್ಲಿ ಸುಡಿಸಿ ಅಗ್ಗಿಷ್ಟಿಕೆ ಮೇಲೆ ಇಟ್ಟುಕೊಂಡರು. ನಗಬೇಡಿ. ನನ್ನ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಎತ್ತಿನಗಾಡಿಯ ಆರಡಿ ಉಬ್ಬುಚಿತ್ರ ಇದೆ, ಕಟ್ಟಡದ ಹೆಸರಲ್ಲಿ ಕೆರೆ ಇದೆ. ಎತ್ತೂ ಇಲ್ಲ, ಕೆರೆಯೂ ಇಲ್ಲ.

ಎರಡನೆಯದು ಇನ್ನೂ ಕಷ್ಟ. ನಾಲ್ಕು ಋತುಗಳನ್ನು ನಾಲ್ಕು ಹೆಂಗಸರಾಗಿ ಬರೆದದ್ದು. ಮೂರು ಚಿತ್ರದ ಅಂಚಿನಲ್ಲಿ ತಾಮ್ರ, ಒಂದರಲ್ಲಿ ಬಿಳಿ. ಅದೊಂದು ಉಬ್ಬೂ ಇಲ್ಲ, ಸಪಾಟು. ಅಂದ್ರೆ ಚಳಿಗಾಲದ ಹೆಂಗಸು ಆಮೇಲೆ ಬಂದು ಸೇರಿದವಳು, ಪಿಂಗಾಣಿಯವಳು. ಅಂಗಡಿಯವಳು ಅಲ್ಲಗಳೆಯಲಿಲ್ಲ, ಬೆಲೆಯಲ್ಲಿ ಅದನ್ನು ಲೆಕ್ಕ ಹಿಡಿದಿದ್ದೀನಿ ಅಂದಳು. ಈ ವ್ಯಾಪಾರದಲ್ಲಿ ಇದು ಮಾಮೂಲು. ಬರೀ ಗಾಜಿನ ಸಾದಾ ಗಡಿಯಾರಕ್ಕೆ ಗಾಜು ಕಿತ್ತು ಹೊಸ ಚಿತ್ರ ಕೂರಿಸಿ ಬೆಲೆ ಏರಿಸುವವರೂ ಇದ್ದಾರೆ. ಬಿರುಕಿಗೆ ಸುಡದ ಬಣ್ಣ ಮೆತ್ತಿ 'ಪರ್ಫೆಕ್ಟ್' ಅನ್ನುವವರೂ. ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಮೆತ್ತಿದ ಜಾಗ ಮಂಕಾಗಿ ಕಾಣುತ್ತೆ. ಮಾವನ ಮಾತು ಇಲ್ಲಿಗೆ ಸರಿಹೊಂದುತ್ತೆ: ಮುಖಕ್ಕೇ ದುಡ್ಡು ಅಂತ ಆದಾಗ ಮುಖವನ್ನೇ ಕದೀತಾರೆ.

ಮೂರನೆಯದನ್ನು ನಾನು ಮೊದಲ ಎರಡು ಶನಿವಾರ ಸರಿಯಾಗಿ ನೋಡಿರಲೇ ಇಲ್ಲ. ಎರಡು ಪಕ್ಕದಲ್ಲೂ ಕಡುನೀಲಿ ಕತ್ತಲೆ. ಎಡಗಡೆ ಕೆಳಗಿನ ಮೂಲೆಯಿಂದ ಒಂದು ಕೊಂಬೆ ಓರೆಯಾಗಿ ಎದ್ದಿದೆ, ಅದರ ಮೇಲೆ ಒಂದು ಹಕ್ಕಿ, ಅಷ್ಟೆ. ಬಲಗಡೆ ಬರೀ ಕೊಂಬೆ. ಹಕ್ಕಿ ಹಾರಿಹೋಗಿದೆಯೋ, ಇನ್ನೂ ಬಂದಿಲ್ಲವೋ. ಚಿತ್ರದ ಮುಕ್ಕಾಲು ಭಾಗ ಖಾಲಿ. ಇದು 1860ರ ದಶಕದ ನಂತರ, ಜಪಾನಿನ ಚಿತ್ರಗಳು ಪ್ಯಾರಿಸ್‌ಗೆ ಬಂದು ಜನಕ್ಕೆ ಹುಚ್ಚು ಹಿಡಿಸಿದ ಮೇಲಿನ ಶೈಲಿ. ಇದೂ ಎರವಲೇ, ಕುರಿ ಕಾಯುವವರಷ್ಟೇ ಎರವಲು. ಆದರೆ ತಂದವನಿಗೆ ತನ್ನ ಜಾಗ ಎಷ್ಟು ಅಂತ ಗೊತ್ತಿತ್ತು. ಒಂದು ಮೊಳ ದೂರದಿಂದಲೂ ಹಕ್ಕಿ ಹಕ್ಕಿಯೇ. ಇನ್ನು ಅದರ ಎದೆ. ಸ್ವೀಟಿನ ಮೇಲಿನ ಬೆಳ್ಳಿ ವರಕು ಗೊತ್ತಲ್ಲ, ಅದಕ್ಕಿಂತ ಸ್ವಲ್ಪ ದಪ್ಪದ ಬೆಳ್ಳಿಯ ಚೂರನ್ನು ಹಕ್ಕಿಯ ಎದೆಯ ಆಕಾರಕ್ಕೆ ಕತ್ತರಿಸಿ ಒಳಗೆ ಕೂರಿಸಿ, ಮೇಲೆ ಪಾರದರ್ಶಕ ಎನಾಮಲ್ ಸುಟ್ಟಿದ್ದಾರೆ. ಲಿಮೋಜ್‌ನವರ ಹಳೇ ವಿದ್ಯೆ. ನಾನು ತಲೆ ಅಲ್ಲಾಡಿಸಿದಾಗೆಲ್ಲ ಎದೆ ಮಿನುಗಿ ಆರುತ್ತಿತ್ತು. ಬಲ್ಬಿನ ಬೆಳಕಲ್ಲೇ ಹೀಗಾದರೆ ಮೇಣದಬತ್ತಿಯ ಬೆಳಕಲ್ಲಿ, ಗ್ಯಾಸ್ ದೀಪದಲ್ಲಿ ಹೇಗಿದ್ದಿರಬೇಡ! ಗಡಿಯಾರದ ಒಳಗೆ ಏನೋ ಆಡ್ತಾ ಇದೆ ಅನ್ನೋದನ್ನು ಹೊರಗಿನ ಚಿತ್ರ ಹೇಳುತ್ತಿತ್ತು. ಮೊದಲ ಎರಡರಲ್ಲಿ ಚಿತ್ರ ಮಷೀನನ್ನು ಮುಚ್ಚಿತ್ತು. ಇದರಲ್ಲಿ ಹಾಗನ್ನಿಸಲಿಲ್ಲ.

ಹೊಗಳಿಕೆ ಇಷ್ಟೇ. ಈ ಗಡಿಯಾರದಲ್ಲಿ ಟೈಮ್ ನೋಡೋದು ಮಾತ್ರ ಪಂಚಪ್ರಾಣ. ಡಯಲ್ಲೂ ಕಡುನೀಲಿ, ಅಂಕಿ ಚಿನ್ನದ್ದು, ಕೂದಲೆಳೆಯಷ್ಟು ಸಣ್ಣ. ಮುಳ್ಳೂ ಚಿನ್ನದ್ದೇ. ಹತ್ತು ಗಂಟೆಯೋ ಎರಡೋ ಅಂತ ನಾನು ಎರಡು ಸಲ ತಪ್ಪಿದೆ. ಹಕ್ಕಿಗೆ ಅಷ್ಟೊಂದು ಜಾಗ ಬಿಟ್ಟವನು ಅಂಕಿಗಳಿಗೆ ಉಸಿರಾಡಲು ಬಿಡಲಿಲ್ಲ. ಅಥವಾ ಡಯಲ್ ಬರೆದವನೇ ಬೇರೆ, ಹಕ್ಕಿ ಬರೆದವನೇ ಬೇರೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ನಮ್ಮ ಆಫೀಸಿನಲ್ಲೂ ಇದೇ ಕತೆ, ಇರಲಿ ಬಿಡಿ. ಹಾಗೆ ನೋಡಿದರೆ ಸೂಟ್‌ಕೇಸಿನಿಂದ ಕೆಳಗಿಳಿಸಿದ ದಿನವೇ ಇದು ಟೈಮ್ ನೋಡುವ ಸಾಮಾನಾಗಿ ಉಳಿಯಲಿಲ್ಲ. ಆದರೂ ಮುಳ್ಳು ಇಟ್ಟ ಮೇಲೆ ಅದು ಕಾಣಬೇಕು. ಇದರಲ್ಲಿ ನಾನು ಮಾವನಿಗಿಂತ ಕಟ್ಟುನಿಟ್ಟು.

ಇನ್ನೊಂದು ವಿಷಯ. ಮೂರೂ ಗಡಿಯಾರಗಳಲ್ಲಿ ನೆತ್ತಿಯ ಗಾಜನ್ನು ಹಾಗೇ ಬಿಟ್ಟಿದ್ದರು. ಐದು ಗಾಜಿನಲ್ಲಿ ಉಳಿದವಕ್ಕೆ ಏನೇನೋ ಹೊದಿಸಿದರೂ ಮೇಲಿನದನ್ನು ಮುಟ್ಟಿರಲಿಲ್ಲ. ಬಗ್ಗಿ ನೋಡಿದರೆ ಅದೇ ಬ್ಯಾಲೆನ್ಸ್ ವೀಲು, ಎರಡು ರೂಪಾಯಿ ನಾಣ್ಯಕ್ಕಿಂತ ಬಹಳ ಚಿಕ್ಕದು, ಅತ್ತಿತ್ತ. ವಿಡಿಯೋ ಮಾಡಿ ಕಳಿಸಿದೆ. "ಅಷ್ಟಾದರೂ ಮಾನ ಇದೆ ಅವರಿಗೆ" ಅಂತ ಉತ್ತರ ಬಂತು. ಆಮೇಲೆ ಇನ್ನೊಂದು: "ಆ ಹೇರ್‌ಸ್ಪ್ರಿಂಗ್ ಸ್ವಲ್ಪ ಕಚ್ಚಿಕೊಂಡು ಓಡ್ತಿದೆ, ಅವರಿಗೆ ಹೇಳು." ಹೇಳಿದೆ. ಅಂಗಡಿಯವಳು ಕಿವಿಗೆ ಹಿಡಿದು ಕೇಳಿ, ಯಾರಿವರು ಅಂತ ನನ್ನ ಫೋನನ್ನು ಬಗ್ಗಿ ನೋಡಿದಳು.

ಹಕ್ಕಿಯ ಗಡಿಯಾರದ ಬೆಲೆ ಎರಡು ಸಾವಿರ ಪೌಂಡಿಗೆ ಸ್ವಲ್ಪ ಕಮ್ಮಿ. ನಾನು ಕೂಡಿಸಿದ್ದು ಅದರ ಕಾಲು ಭಾಗವೂ ಇರಲಿಲ್ಲ. ಚೌಕಾಸಿ ಮಾಡಲು ಹೋಗಿ ಇಬ್ಬರಿಗೂ ಮುಜುಗರ ಆಯ್ತು. ಕೊನೆಗೆ ಅವಳೇ ಕೆಳಗಿನ ಡ್ರಾಯರ್ ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ಒಂದು ಬಿಡಿ ತಗಡು ತೆಗೆದಳು. ಯಾವುದೋ ಹಾಳಾದ ಗಡಿಯಾರದ ಒಂದು ಪಕ್ಕದ ಚಿತ್ರ. ಕೆಳಗಿನ ಮೂಲೆ ಚಕ್ಕೆ ಎದ್ದು ತಾಮ್ರ ಬಿಟ್ಟಿದೆ. ಪಕ್ಕಕ್ಕೆ ತಿರುಗಿ ಕೂತ ಹೆಂಗಸು, ಮುಖ ಮಾತ್ರ ಬೆಳಕಿನಲ್ಲಿ. ಸಹಿ ಇಲ್ಲ. ಕೆಲವರು ಮೂಲೆಯಲ್ಲಿ ಸಹಿ ಹಾಕಿರುತ್ತಾರೆ, ಹೆಚ್ಚಿನವರದು ಯಾರದು ಅಂತ ಗೊತ್ತಾಗಲ್ಲ. ನಲವತ್ತು ಪೌಂಡ್ ಕೊಟ್ಟು ತಂದೆ.

ಗಡಿಯಾರ ತರ್ತೀನಿ ಅಂದವಳು ತಗಡು ತಂದೆನಲ್ಲ ಅಂತ ತುಮಕೂರಿಗೆ ಹೋಗುವಾಗ ಅಳುಕಿತ್ತು. ಮಾವ ಬಟ್ಟೆ ಬಿಚ್ಚಿದರು. ಚಿತ್ರ ಮೇಲ್ಮುಖವಾಗಿಯೇ ಇತ್ತು. ಒಂದು ಸಲ ನೋಡಿ, ತಕ್ಷಣ ತಿರುಗಿಸಿದರು. ಹಿಂಭಾಗ. ನಾನು ಲಂಡನ್ನಿನಿಂದ ತುಮಕೂರಿನವರೆಗೆ ಒಂದೇ ಒಂದು ಸಲವೂ ಅದನ್ನು ತಿರುಗಿಸಿ ನೋಡಿರಲಿಲ್ಲ.

ಹಿಂದೆ ಬರೀ ತಾಮ್ರ ಇರಲಿಲ್ಲ. ಅಲ್ಲೂ ಎನಾಮಲ್. ಚಿತ್ರವಿಲ್ಲ, ನಯವಿಲ್ಲ, ಕಂದು, ಹಸಿರು, ಬೂದು ಎಲ್ಲ ಕಲಸಿದ ಚುಕ್ಕೆ ಚುಕ್ಕೆ ಗಾಜು.

"ಇದ್ಯಾಕೆ ಹಿಂದೂ ಹಚ್ಚಿದಾನೆ? ಯಾರು ನೋಡ್ತಾರೆ?"

ಓದಿದ್ದು ನೆನಪಿತ್ತು, ಹೇಳಿದೆ. ಆರುವಾಗ ತಾಮ್ರ ಕುಗ್ಗುವ ಲೆಕ್ಕ ಬೇರೆ, ಗಾಜು ಕುಗ್ಗುವ ಲೆಕ್ಕ ಬೇರೆ. ಒಂದೇ ಕಡೆ ಎನಾಮಲ್ ಇದ್ದರೆ ತಗಡು ಸೊಟ್ಟಗಾಗಿ ಚಿತ್ರ ಸೀಳಿಬಿಡುತ್ತೆ. ಹಿಂದೆಯೂ ಒಂದು ಪದರ ಇದ್ದರೆ ಎರಡೂ ಕಡೆ ಎಳೆತ ಸಮ. ಯಾರೂ ನೋಡದ ಕಡೆ ಅಂತ ಅದಕ್ಕೆ ಎಷ್ಟೋ ಸಲ ಉಳಿದ ಬಳಿದ ಪುಡಿಗಳನ್ನೆಲ್ಲ ಒಟ್ಟಿಗೆ ಸೇರಿಸಿ ಹಚ್ಚುತ್ತಿದ್ದರು.

"ಲೆನ್ಸ್ ಕೊಡು" ಅಂದರು. ಅತ್ತೆ ಬೀರುವಿನಿಂದ ಹುಡುಕಿ ತಂದರು. ಅಂಗಡಿ ಮುಚ್ಚಿದ ಮೇಲೆ ಅವರು ಅದನ್ನು ಕಣ್ಣಿಗೆ ಹಾಕಿದ್ದು ಅದೇ ಮೊದಲಂತೆ. ಕೈ ನಡುಗುತ್ತೆ ಅಂತ ತಗಡನ್ನು ಮೇಜಿನ ಅಂಚಿಗೆ ಆನಿಸಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಚುಕ್ಕೆಗಳನ್ನು ನೋಡಿದರು, ಅಂಚು ನೋಡಿದರು, ಚಕ್ಕೆ ಎದ್ದ ಕಡೆ ಪದರ ಎಷ್ಟು ದಪ್ಪ ಅಂತ ಉಗುರಿನಲ್ಲಿ ಸವರಿ ನೋಡಿದರು. ಹೆಂಗಸಿನ ಮುಖದ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಅದು ಅವರ ಮನೆ ಹಾಲಿನ ಶೋಕೇಸಿನಲ್ಲಿ, ನನ್ನ ಕಾನ್ವೊಕೇಷನ್ ಫೋಟೋ ಪಕ್ಕ ಇದೆ. ಹಿಂಭಾಗ ಮುಂದೆ ಮಾಡಿ ಇಟ್ಟಿದ್ದಾರೆ. ಧೂಳು ಒರೆಸುವಾಗಲೆಲ್ಲ ಅತ್ತೆ ಹೆಂಗಸಿನ ಮುಖ ಕಾಣುವ ಹಾಗೆ ತಿರುಗಿಸಿ ಇಡ್ತಾರಂತೆ. ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಮಾವ ಎದ್ದು ಹೋಗಿ ಮತ್ತೆ ತಿರುಗಿಸ್ತಾರಂತೆ.